ಸಹಿಯ ಕೆಳಗಿನ ಚುಕ್ಕಿ

ಪ್ರಾಚಿ, ಇದನ್ನು ಸೋಮವಾರದೊಳಗೆ ಬರೆದು ನಿನ್ನ ಕೈಗೆ ಕೊಡಬೇಕು. ನಿನ್ನ ತಮ್ಮ ಓಂಕಾರನೂ ಓದಲಿ. ಆದರೆ ಅವಸರ ಇರುವುದು ನಿನಗೆ. ಸೋಮವಾರ ನಿನ್ನ ಹೊಸ ಕಚೇರಿಗೆ ಈರವ್ವ ಎಂಬ ಮುದುಕಿ ಬರುತ್ತಾಳೆ. ಅವಳು ಬಂದು ನಿನ್ನ ಮುಂದೆ ಕೂಡುವ ಮೊದಲು ನಿನಗೆ ಕೆಲವು ಸಂಗತಿ ತಿಳಿದಿರಬೇಕು.

ಹೋದ ವಾರ ಊಟಕ್ಕೆ ಕೂತಾಗ, ಶಾಸಕರ ಕಚೇರಿಯಲ್ಲಿ ಕೆಲಸ ಸಿಕ್ಕಿತೆಂದು ನೀನು ಹೇಳಿದೆ. ಎಲ್ಲರೂ ಹಿಗ್ಗಿದರು. ನಾನು ರೊಟ್ಟಿ ತರುವ ನೆಪದಲ್ಲಿ ಎದ್ದು ಒಳಗೆ ಹೋದೆ. ನೀನು ಬಿಡಲಿಲ್ಲ.

"ಅಜ್ಜಿ, ನೀನೂ ಇಪ್ಪತ್ತು ವರ್ಷ ಆಮದಾರರ ಆಫೀಸನ್ಯಾಗ ಕೆಲಸ ಮಾಡೀದಿ ಅಲ್ಲ? ನನಗೂ ಏನಾರ ಹೇಳಿಕೊಡು."

"ಅಕ್ಷರ ದುಂಡಗ ಬರೀಬೇಕವ್ವ," ಅಂದೆ.

"ಈಗ ಯಾರು ಕೈಲೆ ಬರೀತಾರ ಅಜ್ಜಿ!" ಎಂದು ಓಂಕಾರ ನಕ್ಕ. ಉಳಿದವರೂ ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ. ಆದರೆ ನಾಲ್ಕು ಜನ ಕೂತಲ್ಲಿ ನನಗೆ ಬಾಯಿ ಬರುವುದಿಲ್ಲ, ಅದು ನಿಮಗೂ ಗೊತ್ತು. ಆದ್ದರಿಂದ ಬರೆಯುತ್ತಿದ್ದೇನೆ. ನಿಮ್ಮಿಬ್ಬರಿಗೂ ಕನ್ನಡದ ಅಕ್ಷರ ತಿದ್ದಿಸಿದವಳು ನಾನು. ನಿನ್ನ ಕಚೇರಿಯಲ್ಲಿ ಬೇರೆ ಯಾರೂ ಇದನ್ನು ಓದಲಾರರು ಎಂಬುದೂ ಒಂದು ಸಮಾಧಾನ.

ಕೆಲಸ ನನಗೆ ಹೇಗೆ ಬಂತು ಎಂಬುದನ್ನು ಮೊದಲು ಹೇಳುತ್ತೇನೆ. ನಿಮ್ಮ ಅಜ್ಜ ಪುಣೆ ಹತ್ತಿರದ ಭೋಸರಿಯ ಒಂದು ಕಾರ್ಖಾನೆಯಲ್ಲಿ ಲೇಥ್ ಮಷೀನಿನ ಮೇಲಿದ್ದರು. ಪಕ್ಕದ ಮಷೀನಿನಲ್ಲಿ ದುಡಿಯುತ್ತಿದ್ದವರನ್ನು ಎಲ್ಲರೂ ಆಬಾ ಎನ್ನುತ್ತಿದ್ದರು. ನಾನೂ ಹಾಗೇ ಬರೆಯುತ್ತೇನೆ, ಪೂರ್ತಿ ಹೆಸರು ಬೇಡ. ಆಬಾ ಬಾರಾಮತಿಯ ಆಚೆ ಕಬ್ಬಿನ ಗದ್ದೆಗಳ ನಡುವಿನ ಹಳ್ಳಿಯವರು. ಸ್ವಂತ ಹೊಲ ಇರಲಿಲ್ಲ. ಅಪ್ಪ ಬೇರೆಯವರ ಕಬ್ಬಿಗೆ ನೀರು ಕಟ್ಟುತ್ತಿದ್ದರಂತೆ. ಹತ್ತನೆಯ ತರಗತಿ ಆಗುತ್ತಲೇ ಭೋಸರಿಗೆ ಬಂದು ಮಷೀನ್ ಒರೆಸುವ ಕೆಲಸಕ್ಕೆ ನಿಂತರು. ತಗಡು ಒತ್ತುವ ಪ್ರೆಸ್ಸಿನಲ್ಲಿ ಬಲಗೈಯ ತೋರುಬೆರಳಿನ ತುದಿ ಹೋಯಿತು. ಪರಿಹಾರ ಕೇಳಲು ಗೇಟಿನ ಮುಂದೆ ನಿಂತು ಮೊದಲ ಭಾಷಣ ಮಾಡಿದರು. ಬೆರಳು ಹೋದದ್ದರಿಂದ ನಾಲಿಗೆ ಬಂತು ಎಂದು ಅವರೇ ನಗುತ್ತಿದ್ದರು. ಗೇಟಿನಿಂದ ಯೂನಿಯನ್ನಿಗೆ, ಅಲ್ಲಿಂದ ನಗರಪಾಲಿಕೆಗೆ, ಅಲ್ಲಿಂದ ವಿಧಾನಸಭೆಗೆ ಹೋದರು. ಆ ಏಣಿಯ ಕಥೆಯನ್ನು ಪೇಪರಿನವರು ಬೇಕಾದಷ್ಟು ಬರೆದಿದ್ದಾರೆ. ನಾನು ಬರೆಯುವುದಿಲ್ಲ.

ಅಜ್ಜ ಎಂಟೇ ದಿನದ ಕಾಮಾಲೆಯಲ್ಲಿ ಹೋದರು. ನಿಮ್ಮಪ್ಪ ಆಗ ಏಳನೆಯ ತರಗತಿ. ಹತ್ತನೆಯ ದಿನ ಆಬಾ ಬಂದರು. ಆಗಷ್ಟೇ ಮೊದಲ ಸಲ ಆರಿಸಿ ಬಂದಿದ್ದರು. ಡಬ್ಬಿ ಬಿಚ್ಚಿ ನಮ್ಮವರ ಜೊತೆ ಉಣ್ಣುತ್ತಾ ಉಣ್ಣುತ್ತಾ ಕನ್ನಡ ಕಲಿತವರು ಅವರು, ಮೊದಲು ಕಲಿತದ್ದು ಬೈಗುಳ. ನನ್ನ ಎದುರಿಗೆ ಮಾತ್ರ ಹುಷಾರಾಗಿ ಮಾತಾಡುತ್ತಿದ್ದರು, ಮರಾಠಿಯವರು ಅತ್ತಿಗೆಗೆ ಅನ್ನುವಂತೆ ವಹಿನಿ ಅನ್ನುತ್ತಿದ್ದರು.

"ವಹಿನಿ, ಬರೀಲಿಕ್ಕ ಬರ್ತದೇನ್ರಿ?"

ತಲೆ ಆಡಿಸಿದೆ. ಒಂದು ಕಾಗದ ಕೊಟ್ಟು ನನ್ನ ಹೆಸರನ್ನು ಕನ್ನಡದಲ್ಲೂ ಮರಾಠಿಯಲ್ಲೂ ಬರೆಯಲು ಹೇಳಿದರು. ಬರೆದೆ. ಅದನ್ನು ಎತ್ತಿ ಹಿಡಿದು ನೋಡಿದರು.

"ನಮ್ಮ ಆಫೀಸನ್ಯಾಗ ಎಲ್ಲಾರೂ ಕಾಗಿಕಾಲು ಗುಬ್ಬಿಕಾಲು ಬರೀತಾರ್ರಿ. ಸೋಮವಾರದಿಂದ ಬರ್ರಿ."

ಇಂಡಿ ಕಡೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ನಾನು ಕಲಿತದ್ದು ಏಳನೆಯ ತರಗತಿವರೆಗೆ. ಮರಾಠಿ ಬರೆಯಲು ಕಲಿತದ್ದು ಮದುವೆಯಾಗಿ ಇಲ್ಲಿಗೆ ಬಂದ ಮೇಲೆ. ಮಾಸ್ತರರಿಗೆ ಲೆಕ್ಕ ತಪ್ಪಿದರೆ ಸಿಟ್ಟು ಬರುತ್ತಿರಲಿಲ್ಲ, ಪುಟ ಹೊಲಸಾದರೆ ಬರುತ್ತಿತ್ತು. ಒಂದು ಹನಿ ಶಾಯಿ ಬಿದ್ದರೂ ಪುಟ ಹರಿದುಹಾಕಿಸಿ ಮೊದಲಿನಿಂದ ಬರೆಸುತ್ತಿದ್ದರು. ಹೀಗೆ ಹರಿದು ಬರೆದು ನನ್ನ ಅಕ್ಷರ ದುಂಡಗಾಯಿತು. ಇದನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಕಚೇರಿ ಒಂದು ಉಡುಪಿ ಹೋಟೆಲಿನ ಮೇಲಿತ್ತು. ದಿನವಿಡೀ ಸಾಂಬಾರಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಮೇಲೆ ಎರಡು ಕೋಣೆ, ಮುಂದೆ ಒಂದು ಉದ್ದ ಬೆಂಚು. ಸೋಮವಾರ ಮತ್ತು ಗುರುವಾರ ಜನ ಬರುವ ದಿನ. ಬೆಂಚು ತುಂಬಿ, ಮೆಟ್ಟಿಲು ತುಂಬಿ, ಕೆಳಗೆ ಹೋಟೆಲಿನ ಬಾಗಿಲವರೆಗೆ ನಿಲ್ಲುತ್ತಿದ್ದರು. ಅವರಲ್ಲಿ ನಮ್ಮ ವಿಜಯಪುರ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಬಹಳ. ಅವರು ಕನ್ನಡದಲ್ಲಿ ಹೇಳುತ್ತಿದ್ದರು, ನಾನು ಮರಾಠಿಯಲ್ಲಿ ಬರೆಯುತ್ತಿದ್ದೆ. ಕಪಾಟಿನ ಮರೆಯಲ್ಲಿ ನನ್ನ ಮೇಜು. ಮಾತಾಡುವ ಕೆಲಸವೆಲ್ಲ ಪಿ.ಎ. ಸಾಳ್ವಿ ಅವರದು. ಸೋಲಾಪುರದವರಾದ್ದರಿಂದ ಅವರಿಗೂ ಕನ್ನಡ ಬರುತ್ತಿತ್ತು.

ಶಾಸಕರ ಕಚೇರಿ ಎಂದರೆ ಕಾನೂನು ಬರೆಯುವ ಜಾಗ ಅಂದುಕೊಂಡಿದ್ದೆ. ಇಪ್ಪತ್ತು ವರ್ಷದಲ್ಲಿ ಒಂದು ಕಾನೂನಿನ ಕಾಗದವೂ ನನ್ನ ಮೇಜಿನ ಮೇಲೆ ಬರಲಿಲ್ಲ. ಬಂದದ್ದು ಎರಡೇ: ಸತ್ತವರ ಚೀಟಿ, ಇದ್ದವರ ಪತ್ರ.

ಮೊದಲು ಚೀಟಿಯ ಸಂಗತಿ. ನಮ್ಮ ಪುಣೆ ಕಡೆ ಯಾರಾದರೂ ತೀರಿಕೊಂಡರೆ ಹತ್ತನೆಯ ದಿನದ ಕ್ರಿಯೆಗೆ ನದಿಯ ಘಾಟಿಗೆ ಶಾಸಕರು ಹೋಗಲೇಬೇಕು. ಹೋಗಿ, ತೀರಿಕೊಂಡವರ ಬಗ್ಗೆ ನಾಲ್ಕು ಮಾತು ಆಡಬೇಕು. ಒಂದೊಂದು ಬೆಳಿಗ್ಗೆ ನಾಲ್ಕೈದು ಕಡೆ ಇರುತ್ತಿತ್ತು. ಹೆಸರು, ವಯಸ್ಸು, ಗುಣ, ಮಕ್ಕಳೆಷ್ಟು ಎಂದು ಚಿಕ್ಕ ಚೀಟಿ ಬರೆದು ಆಬಾ ಅವರ ಅಂಗಿಯ ಜೇಬಿಗೆ ಹೋಗುವಂತೆ ಜೋಡಿಸುವುದು ನನ್ನ ಕೆಲಸ. ಕೆಲಸಕ್ಕೆ ಸೇರಿದ ಎರಡನೆಯ ತಿಂಗಳು ನಾನು ಎರಡು ಚೀಟಿ ಅದಲುಬದಲು ಮಾಡಿದೆ. ಒಬ್ಬರು ಹೆಸರಾದ ಪೈಲ್ವಾನರು. ಇನ್ನೊಬ್ಬರು ಪ್ರತಿ ಏಕಾದಶಿ ಉಪವಾಸ ಮಾಡಿ ಪಂಢರಪುರಕ್ಕೆ ನಡೆದುಹೋಗುತ್ತಿದ್ದ ವಾರಕರಿ. ಹೆಸರು ಸರಿಯಾಗಿತ್ತು, ಗುಣ ತಿರುವುಮುರುವಾಗಿತ್ತು. ತುಳಸಿಮಾಲೆ ಹಾಕಿದ ಫೋಟೋದ ಮುಂದೆ ನಿಂತು ಆಬಾ, "ಒಂದೇ ಊಟಕ್ಕೆ ಒಂದು ಡಜನ್ ಭಾಕರಿ, ಎರಡು ಸೇರು ಮಟನ್ ಮುಗಿಸುತ್ತಿದ್ದ ಗಂಡಸು," ಎಂದು ಗದ್ಗದಿತರಾದರಂತೆ.

ಸಾಳ್ವಿ ಬಂದು ಹೇಳಿದಾಗ ಕೆಲಸ ಹೋಯಿತು ಅಂದುಕೊಂಡೆ. ಆಬಾ ಒಳಗೆ ಬಂದು ನನ್ನ ಮೇಜಿನ ಮುಂದೆ ನಿಂತರು.

"ವಹಿನಿ, ಅಂವನ ಹೇಣ್ತಿ ಏನ ಅಂದಳ ಗೊತ್ತದೇನ್ರಿ? 'ಯಾರಿಗೂ ಗೊತ್ತಿಲ್ಲ ಅಂತ ತಿಳದಿದ್ದೆ, ಸಾಹೇಬರಿಗೆ ಹೆಂಗ ಗೊತ್ತಾತು' ಅಂದ್ಲು."

ಸಾಳ್ವಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಬಾ ನಗಲಿಲ್ಲ. "ಘಾಟ್‌ನ್ಯಾಗ ಯಾರೂ ಮಾತು ಕೇಳೂದಿಲ್ರಿ," ಅಂದರು. "ಆಮದಾರ ಬಂದಿದ್ದ ಅಂತ ನೋಡ್ತಾರ. ಅಷ್ಟ ಸಾಕು ಅವರಿಗೆ." ಆಗ ಅದನ್ನು ದೊಡ್ಡತನ ಅಂದುಕೊಂಡೆ. ಅದು ದಣಿವು ಎಂದು ತಿಳಿಯಲು ನನಗೆ ವರ್ಷಗಳು ಬೇಕಾದವು.

ಈಗ ಪತ್ರದ ಸಂಗತಿ. ಯಾರು ಏನೇ ಕೇಳಿ ಬಂದರೂ ಆಬಾ ಇಲ್ಲ ಅನ್ನುತ್ತಿರಲಿಲ್ಲ. ಆಸ್ಪತ್ರೆಯ ಹಾಸಿಗೆ, ಶಾಲೆಯ ಸೀಟು, ನೀರಿನ ನಳ, ವಿಧವಾ ಪಿಂಚಣಿ, ಎಲ್ಲಕ್ಕೂ ಒಂದು ಶಿಫಾರಸು ಪತ್ರ. "ಇವರು ನನ್ನ ಪರಿಚಯದವರು, ಕಡು ಬಡವರು, ಆದ್ಯತೆಯ ಮೇಲೆ ಕೆಲಸ ಮಾಡಿಕೊಡಬೇಕಾಗಿ ವಿನಂತಿ." ನಾನು ಕೈಯಲ್ಲಿ ಬರೆಯುತ್ತಿದ್ದೆ. ಸಂಜೆ ನಲವತ್ತು ಐವತ್ತು ಪತ್ರಗಳ ಕಟ್ಟು ಒಳಗೆ ಹೋಗುತ್ತಿತ್ತು. ಆಬಾ ಹಸಿರು ಶಾಯಿಯಲ್ಲಿ ಸಹಿ ಮಾಡುತ್ತಿದ್ದರು. ತೋರುಬೆರಳಿನ ತುದಿ ಇಲ್ಲವಲ್ಲ, ಪೆನ್ನನ್ನು ನಡುಬೆರಳಿಗೆ ಆನಿಸಿ ಹಿಡಿಯುತ್ತಿದ್ದರು. ಕಟ್ಟು ಹೊರಗೆ ಬಂದ ಮೇಲೆ ನಾನು ನಂಬರು ಹಾಕಿ ಪುಸ್ತಕದಲ್ಲಿ ಬರೆದು, ಕೆಲವನ್ನು ಟಪಾಲಿಗೆ ಹಾಕುತ್ತಿದ್ದೆ, ಕೆಲವನ್ನು ಕೇಳಲು ಬಂದವರ ಕೈಗೇ ಕೊಡುತ್ತಿದ್ದೆ.

ಆ ಕಟ್ಟಿನಲ್ಲಿ ಯಾವಾಗಲೋ ಒಂದು ಪತ್ರದ ಮೇಲೆ, ಸಹಿಯ ಕೆಳಗೆ, ಸಾಸಿವೆಯಷ್ಟು ಹಸಿರು ಚುಕ್ಕಿ ಇರುತ್ತಿತ್ತು. ಪಾಪ, ಬೆರಳಿಲ್ಲದ ಕೈ, ಶಾಯಿ ತೊಟ್ಟಿಕ್ಕಿದೆ ಅಂದುಕೊಂಡೆ. ಹೊಲಸು ಪತ್ರ ಆಬಾ ಅವರ ಹೆಸರಿನಲ್ಲಿ ಹೋಗಬಾರದು ಎಂದು ಅದನ್ನು ಹರಿದು, ಹೊಸದಾಗಿ ಬರೆದು, ಮರುದಿನದ ಕಟ್ಟಿನೊಳಗೆ ಸೇರಿಸುತ್ತಿದ್ದೆ. ಅಂದಿನ ಹೆಸರುಗಳ ನಡುವೆ ನಿನ್ನೆಯದನ್ನು ಗಮನಿಸದೆ ಅವರು ಮತ್ತೆ ಸಹಿ ಹಾಕುತ್ತಿದ್ದರು. ಹೀಗೆ ಎಂಟು ತಿಂಗಳು. ಯಾರಿಗೂ ಹೇಳಲಿಲ್ಲ. ಹೇಳಿಕೊಳ್ಳುವಂಥ ಕೆಲಸ ಎಂದೂ ಅನ್ನಿಸಲಿಲ್ಲ. ಮನಸ್ಸಿನಲ್ಲಿ ಮಾತ್ರ ನನ್ನ ಬಗ್ಗೆ ನನಗೆ ಸ್ವಲ್ಪ ಹೆಮ್ಮೆ ಇತ್ತು.

ಈರವ್ವ ಬಂದದ್ದು ಆ ಎಂಟು ತಿಂಗಳಲ್ಲೇ. ಅಫಜಲಪುರದ ಕಡೆಯವಳು, ಸಿಮೆಂಟಿನ ಬುಟ್ಟಿ ಹೊತ್ತು ಬದುಕಿದವಳು. ನಾಲೆಯ ಪಕ್ಕದ ಅವಳ ಗುಡಿಸಲು ರಸ್ತೆ ಅಗಲ ಮಾಡುವಾಗ ಹೋಗಿತ್ತು. ಗುಡಿಸಲು ಹೋದವರಿಗೆ ಕೊಡುವ ಪಕ್ಕಾ ಖೋಲಿಗಳ ಪಟ್ಟಿಯಲ್ಲಿ ಅವಳ ಹೆಸರು ಸೇರಬೇಕಿತ್ತು. ಗಂಡ ಇಲ್ಲ, ಮಗ ಸೊಸೆ ಇಬ್ಬರೂ ಇಲ್ಲ, ಪುಟ್ಟ ಮೊಮ್ಮಗಳೊಬ್ಬಳನ್ನು ಸೊಂಟದ ಮೇಲೆ ಕೂರಿಸಿಕೊಂಡಿದ್ದಳು. ತಗಡಿನ ಶೆಡ್ಡಿನಲ್ಲಿದ್ದರು. ಆಬಾ ಅವಳ ಮಾತನ್ನು ಪೂರ್ತಿ ಕೇಳಿದರು. "ನಿನ್ನ ಖೋಲಿ ನನ್ನ ಜವಾಬ್ದಾರಿ," ಅಂದರು. ನಾನು ಪತ್ರ ಬರೆದೆ. ಸಂಜೆ ಅದು ಚುಕ್ಕಿಯೊಂದಿಗೆ ಹೊರಬಂತು. ನಾನು ಹರಿದೆ. ಸ್ವಚ್ಛವಾಗಿ ಬರೆದು ಕಳಿಸಿದೆ.

ಪಟ್ಟಿ ಬಂತು. ಈರವ್ವನ ಹೆಸರಿರಲಿಲ್ಲ.

ಅವಳು ಪ್ರತಿ ಸೋಮವಾರ ಬಂದು ಬೆಂಚಿನ ತುದಿಯಲ್ಲಿ ಕೂಡತೊಡಗಿದಳು. ಮೊದಮೊದಲು ಕೈ ಮುಗಿಯುತ್ತಿದ್ದಳು. ಆಮೇಲೆ ಬೈಯತೊಡಗಿದಳು. ಮಳೆಗಾಲದಲ್ಲಿ ಶೆಡ್ಡಿನೊಳಗೆ ನೀರು ನುಗ್ಗಿದ ವಾರ, ತುಂಬಿದ ಬಜಾರಿನಲ್ಲಿ ಆಬಾ ಅವರ ಗಾಡಿಗೆ ಅಡ್ಡ ನಿಂತು, "ಮಾತು ಕೊಟ್ಟ ನಾಲಿಗಿಗೆ ಹುಳಾ ಬೀಳಲಿ ನಿಂದು," ಎಂದು ಕನ್ನಡದಲ್ಲೇ ಶಾಪ ಹಾಕಿದಳಂತೆ. ಡ್ರೈವರನಿಗೆ ಅರ್ಥವಾಗಲಿಲ್ಲ. ಆಬಾ ಅವರಿಗೆ ಆಯಿತು.

ಅದಾಗಿ ಕೆಲವು ದಿನಕ್ಕೆ ಸಾಳ್ವಿ ಮಗಳ ಮದುವೆಗೆಂದು ಹದಿನೈದು ದಿನ ರಜೆ ಹಾಕಿದರು. ಹೊರಡುವ ಮೊದಲು ನನ್ನ ಮೇಜಿನ ಬಳಿ ಬಂದು ದನಿ ತಗ್ಗಿಸಿದರು.

"ಅಕ್ಕಾರ, ಚುಕ್ಕಿ ಇದ್ದ ಪತ್ರ ಬಂದರ ಟಪಾಲಿಗೆ ಹಾಕಬ್ಯಾಡ್ರಿ. ಆ ಖಾತೇದ ಸಾಹೇಬರ ಕೈಯಾಗ ಕೊಟ್ಟು ಬರ್ರಿ."

"ಯಾವ ಚುಕ್ಕಿ?"

"ಸಹಿ ಕೆಳಗಿಂದು. ಚುಕ್ಕಿ ಇದ್ದರ ಖರೇ ಮಾಡಬೇಕು. ಇಲ್ಲದ್ದು ಸುಮ್ಮ ಕೊಟ್ಟಿದ್ದು. ಅಷ್ಟೂ ಸರಕಾರಿ ಆಫೀಸಿನವರಿಗೆ ಗೊತ್ತದ. ನಿಮಗ ಗೊತ್ತಿಲ್ಲೇನ್ರಿ? ಎಂಟು ತಿಂಗಳಾತು ಬಂದು!" ಎಂದು ನಕ್ಕರು. ಆಮೇಲೆ, "ಈಗೀಗ ಆಬಾ ಚುಕ್ಕಿ ಇಡೂದ ಬಿಟ್ಟಾರ ಅನಸ್ತದ, ಒಂದೂ ನನ್ನ ಕಣ್ಣಿಗೆ ಬಿದ್ದಿಲ್ಲ," ಎಂದು ಹೇಳಿ ಹೋದರು.

ನಾನು ಅಲ್ಲೇ ಕೂತೆ. ಪುಸ್ತಕ ತೆಗೆದು, ನಾನು ಎರಡು ಸಲ ನಂಬರು ಹಾಕಿದ ಪತ್ರಗಳನ್ನು ಹುಡುಕಿದೆ. ಒಂಬತ್ತು ಸಿಕ್ಕವು. ಸಾವಿರಾರು ಜನರಲ್ಲಿ ಒಂಬತ್ತು ಮಂದಿಯ ಕೆಲಸ ಆಗಲಿ ಎಂದು ಆಬಾ ಮನಸ್ಸು ಮಾಡಿದ್ದರು. ಅವೇ ಒಂಬತ್ತನ್ನು ಆರಿಸಿ ತೆಗೆದು ಹರಿದಿದ್ದೆ. ಈರವ್ವನದೂ ಸೇರಿ ಮೂರು ಪತ್ರ ಮತ್ತೆ ಬರೆಯಬಹುದಿತ್ತು. ಇಬ್ಬರು ಊರಿಗೆ ಮರಳಿದ್ದರು. ಮೂವರ ಕೆಲಸದ ದಿನ ದಾಟಿಹೋಗಿತ್ತು. ಒಬ್ಬರದು ಆಸ್ಪತ್ರೆಯ ಹಾಸಿಗೆಯ ಪತ್ರ. ಅವರ ಬಗ್ಗೆ ವಿಚಾರಿಸುವ ಧೈರ್ಯ ನನಗೆ ಆಗಲೂ ಬರಲಿಲ್ಲ, ಈಗಲೂ ಬಂದಿಲ್ಲ.

ಆಬಾ ಅವರಿಗೆ ಹೇಳಬೇಕಿತ್ತು. ಅವರ ಬಾಗಿಲವರೆಗೆ ಎರಡು ಸಲ ಹೋಗಿ ಬಂದೆ. ಮನೆಯಲ್ಲಿ ಎರಡು ಮಕ್ಕಳಿದ್ದವು, ಕೆಲಸ ಹೋದರೆ ಏನು ಗತಿ ಎಂಬ ಭಯ. ಅದಕ್ಕಿಂತ ಹೆಚ್ಚಾಗಿ, ಮಾತು ಹೇಗೆ ಶುರು ಮಾಡುವುದು ಎಂಬ ಭಯ. ಕೊನೆಗೆ ಆ ಮೂರು ಪತ್ರಗಳನ್ನು ಹೊಸದಾಗಿ ಬರೆದು ಕಟ್ಟಿನಲ್ಲಿ ಸೇರಿಸಿದೆ. ಸಹಿ ಆಗಿ ಬಂದವು. ಆಬಾ ಊಟಕ್ಕೆ ಎದ್ದಾಗ ಅವರ ಮೇಜಿನ ಮೇಲಿನ ಹಸಿರು ಪೆನ್ನು ತೆಗೆದು, ಮೂರಕ್ಕೂ ನಾನೇ ಚುಕ್ಕಿ ಇಟ್ಟೆ. ಅವಸರದಲ್ಲಿ ಈರವ್ವನ ಚುಕ್ಕಿ ಸ್ವಲ್ಪ ದೊಡ್ಡದಾಯಿತು.

ತಿಂಗಳೊಪ್ಪತ್ತಿನಲ್ಲಿ ಈರವ್ವನಿಗೆ ಖೋಲಿ ಬಂತು. ನಾಲ್ಕನೆಯ ಮಹಡಿ, ನೆಲಕ್ಕೆ ಬಿಳಿ ಟೈಲ್ಸ್. ಬೀಗದ ಕೈ ಕೊಡುವ ಸಮಾರಂಭಕ್ಕೆ ಆಬಾ ಹೋಗಿದ್ದರು. ಮರಳಿ ಬಂದವರೇ ನನ್ನನ್ನು ಒಳಗೆ ಕರೆದರು.

"ವಹಿನಿ, ಈರವ್ವನ ಪತ್ರಕ್ಕ ನಾ ಮೊದಲ ಚುಕ್ಕಿ ಇಟ್ಟಿದ್ದೆ. ಖೋಲಿ ಪಟ್ಟಿ ಮಾಡೂ ಸಾಹೇಬ ಅಂತಾನ, ಮೊದಲನೇದಕ್ಕ ಚುಕ್ಕಿ ಇರಲಿಲ್ಲ, ಎರಡನೇದಕ್ಕಿತ್ತು, ಅದೂ ಮೊಸಂಬಿ ಬೀಜದಷ್ಟು ದೊಡ್ಡದು. ಹೆಂಗ್ರಿ?"

ನಾನು ನೆಲ ನೋಡುತ್ತಾ ನಿಂತೆ. "ಶಾಯಿ ಬಿದ್ದದ ಅಂತ ತಿಳದೆ. ಹರದು ಹೊಸದು ಬರದೆ."

"ಎರಡನೇದು?"

"ನಾನ ಇಟ್ಟೆ."

"ಹಿಂಗ ಎಷ್ಟು ಸ್ವಚ್ಛ ಮಾಡೀರಿ?"

"ಒಂಬತ್ತು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆ ಮುದುಕಿ ನನಗ ಭರ್ ಬಜಾರ್‌ದಾಗ ಬೈದಳು," ಅಂದರು. "ನಾ ಸಾಹೇಬಗ ಬೈದೆ. ಸಾಹೇಬ ಸಿಪಾಯಿಗೆ ಬೈದಿರಬೇಕು. ಕಳ್ಳ ನೋಡಿದರ ಇಲ್ಲೇ ಕಪಾಟಿನ ಹಿಂದ ಕೂತು ದುಂಡಗ ಅಕ್ಷರ ಬರೀಲಿಕ್ಕತ್ತಾಳ."

ನಾನು ಅಳಲಿಲ್ಲ. ಅಳುವುದಕ್ಕೂ ನಾಚಿಕೆಯಾಯಿತು. ಧೈರ್ಯ ಮಾಡಿ ಒಂದು ಮಾತು ಕೇಳಿದೆ, ಇಪ್ಪತ್ತು ವರ್ಷದಲ್ಲಿ ಅವರನ್ನು ನಾನಾಗಿ ಕೇಳಿದ ಒಂದೇ ಪ್ರಶ್ನೆ ಅದು. "ಉಳದವರಿಗೆ ಯಾಕ ಪತ್ರ ಕೊಡ್ತೀರಿ? ಇಲ್ಲ ಅಂತ ಹೇಳಬಾರದೇನ್ರಿ?"

"ಇಲ್ಲ ಅಂದರ ಮನಷಾ ಮನಿಗೆ ಏನ ಒಯ್ಯಬೇಕ್ರಿ? ಕೈಯಾಗ ಒಂದ ಕಾಗದ ಇದ್ದರ ಆರು ತಿಂಗಳು ಆಸೇದಾಗ ಇರ್ತಾನ." ಆಮೇಲೆ, "ಮತ್ತ ನನಗೂ ಆರಿಸಿ ಬರಬೇಕಲ್ರಿ," ಅಂದರು. "ಖೋಲಿ ನಲವತ್ತು, ಕೇಳವರು ನಾನೂರು. ಎಲ್ಲಾರದೂ ಮಾಡು ಅಂತ ಸಾಹೇಬಗ ಅಂದರ ಒಬ್ಬರದೂ ಮಾಡೂದಿಲ್ಲ ಅಂವ. ತಿಂಗಳಿಗೆ ಎರಡು ಚುಕ್ಕಿ. ಅದಕ್ಕಿಂತ ಜಾಸ್ತಿ ನಡಿಯೂದಿಲ್ಲ."

ನಾನು ಹೊರಡಲು ತಿರುಗಿದೆ. ಆಗ ಅವರು ಪೆನ್ನು ಎತ್ತಿ ನನ್ನ ಕಡೆ ಚಾಚಿದರು.

"ಇನ್ನ ಮ್ಯಾಲ ನೀವ ಇಡ್ರಿ. ನಾ ಯಾರ ಗಟ್ಟಿಯಾಗಿ ಅಳ್ತಾರೋ ಅವರಿಗೆ ಇಡ್ತೀನಿ. ಯಾರ ಗಲ್ಲಿಯಾಗ ವೋಟು ಭಾಳ ಅದಾವೋ ಅವರಿಗೆ ಇಡ್ತೀನಿ. ನಿಮಗ ವೋಟು ಬೇಕಾಗಿಲ್ಲ. ನೀವ ಖರೇ ಇಡ್ತೀರಿ."

"ಬ್ಯಾಡ್ರಿ," ಅಂದೆ.

"ಬ್ಯಾಡ ಅನ್ನಾಕ ಬಾಯಿ ಬಂತಲ್ಲ, ಛಲೋ ಆತು," ಎಂದು ಪೆನ್ನನ್ನು ನನ್ನ ಕೈಯಲ್ಲೇ ಇಟ್ಟರು.

ನನ್ನನ್ನು ಕೆಲಸದಿಂದ ತೆಗೆದಿದ್ದರೆ ಹಗುರವಾಗಿರುತ್ತಿತ್ತು. ಅಂದಿನಿಂದ ನನ್ನ ಕೆಲಸದ ಸ್ವರೂಪವೇ ಬದಲಾಯಿತು. ಸಂಬಳ ಅದೇ, ಮೇಜು ಅದೇ. ಆದರೆ ಬೆಂಚಿನ ಮೇಲೆ ಕೂತವರ ಮುಖವನ್ನು ನಾನು ಮೊದಲ ಸಲ ನೋಡತೊಡಗಿದೆ. ಮೊದಲ ವರ್ಷ ಅಳುವವರಿಗೆ ಚುಕ್ಕಿ ಇಟ್ಟೆ. ಎರಡನೆಯ ವರ್ಷ, ಅಳಲು ಬಲ್ಲವರು ಬೇರೆ ಕಡೆಯೂ ಅತ್ತು ಪಡೆದಾರು ಎಂದು ಅಳದೆ ಕೂತವರಿಗೆ ಇಟ್ಟೆ. ಒಂದು ತಿಂಗಳ ಕೊನೆಗೆ ಒಂದೇ ಚುಕ್ಕಿ ಉಳಿದಿತ್ತು. ಒಂದೇ ದಿನ ಇಬ್ಬರು ಬಂದರು. ಒಬ್ಬನಿಗೆ ತಾಯಿಯ ಕಣ್ಣಿನ ಆಪರೇಷನ್, ಒಬ್ಬಳಿಗೆ ಗಂಡನ ಕಾಲು. ಕಣ್ಣು ಒಂದು ತಿಂಗಳು ಕಾದೀತು ಎಂದು ಕಾಲಿಗೆ ಇಟ್ಟೆ. ಕಣ್ಣು ಕಾಯಲಿಲ್ಲ. ಆ ಮಗ ಮುಂದೆ ದಾರಿಯಲ್ಲಿ ಸಿಕ್ಕಾಗಲೆಲ್ಲ, "ಅಕ್ಕಾರ, ನೀವರ ಪತ್ರ ಬರಕೊಟ್ರಿ, ನಮ್ಮ ನಶೀಬ ಖೋಟಿ," ಎಂದು ಕೈ ಮುಗಿಯುತ್ತಿದ್ದ. ನಾನು ಬೇರೆ ಗಲ್ಲಿಯಿಂದ ನಡೆದು ಹೋಗತೊಡಗಿದೆ.

ಚುಕ್ಕಿ ಇಲ್ಲದ ಪತ್ರಗಳನ್ನೂ ನಾನು ಅಷ್ಟೇ ದುಂಡಗೆ ಬರೆಯುತ್ತಿದ್ದೆ. ಬಹುಶಃ ಇನ್ನೂ ದುಂಡಗೆ. ಆಮೇಲೆ ಟೈಪಿಂಗ್ ಬಂತು, ಕಂಪ್ಯೂಟರ್ ಬಂತು. ನಲವತ್ತೆಂಟರ ವಯಸ್ಸಿನಲ್ಲಿ ಎರಡು ಬೆರಳಲ್ಲಿ ಕೀಲಿ ಒತ್ತಲು ಕಲಿತೆ. ಅಕ್ಷರಗಳು ಎಲ್ಲರವೂ ಒಂದೇ ಥರ ಆದವು. ಕೊನೆಕೊನೆಗೆ ಸಹಿಯನ್ನೂ ಯಂತ್ರವೇ ಒತ್ತುತ್ತಿತ್ತು. ಕೈಯಿಂದ ಇಡುವುದು ಚುಕ್ಕಿಯೊಂದೇ ಉಳಿಯಿತು.

ಇನ್ನು ಮುಂದಿನದು ಬರೆಯುವುದು ಕಷ್ಟ. ನಿಮ್ಮಪ್ಪನಿಗೂ ಗೊತ್ತಿಲ್ಲ.

ಖೋಲಿ ಸಿಕ್ಕು ಹಲವು ವರ್ಷಗಳಾದ ಮೇಲೆ ಈರವ್ವ ಮತ್ತೆ ಬಂದಳು. ಸೊಂಟದ ಮೇಲಿದ್ದ ಕೂಸು ಮಂಜುಳಾ ಹತ್ತನೆಯ ತರಗತಿ ಪಾಸಾಗಿದ್ದಳು. ನರ್ಸಿಂಗ್ ಓದಬೇಕೆಂಬ ಆಸೆ, ಅದಕ್ಕೆ ಸರಕಾರಿ ಹುಡುಗಿಯರ ಹಾಸ್ಟೆಲಿನಲ್ಲಿ ಜಾಗ ಬೇಕಿತ್ತು. ಹುಡುಗಿ ಅಜ್ಜಿಯ ಹಿಂದೆ ನಿಂತಿದ್ದಳು, ತಲೆ ಎತ್ತಲಿಲ್ಲ. ನನಗೆ ನನ್ನದೇ ಚಿಕ್ಕಂದಿನ ಚಹರೆ ನೋಡಿದಂತಾಯಿತು.

ಆ ತಿಂಗಳು ಒಂದು ಚುಕ್ಕಿ ಉಳಿದಿತ್ತು.

ಅದೇ ವಾರ ನಿನ್ನಪ್ಪ ಮನೆಗೆ ಬಂದು ತಲೆ ಕೆಳಗೆ ಹಾಕಿ ಕೂತಿದ್ದ. ಆ ದೊಡ್ಡ ಇಂಗ್ಲಿಷ್ ಶಾಲೆಯಲ್ಲಿ ನಿನಗೆ ಪ್ರವೇಶ ಆಗಿರಲಿಲ್ಲ, ಪ್ರಾಚಿ. ನಿನಗೆ ಆಗ ಆರು ವರ್ಷ. "ಅವ್ವ, ಆಬಾ ಅವರದೊಂದು ಪತ್ರ ಸಿಗ್ತದೇನ?" ಎಂದು ಕೇಳಿದ. ಅವನಿಗೆ ಚುಕ್ಕಿಯ ಸಂಗತಿ ಗೊತ್ತಿರಲಿಲ್ಲ. ಪತ್ರ ಸಾಕು ಅಂದುಕೊಂಡಿದ್ದ, ಎಲ್ಲರಂತೆ.

ಎರಡು ಪತ್ರಗಳನ್ನೂ ಒಂದೇ ಬೆಳಿಗ್ಗೆ ಬರೆದೆ. ಅಂದು ಕರೆಂಟು ಇರಲಿಲ್ಲ, ಎರಡನ್ನೂ ಕೈಯಲ್ಲೇ ಬರೆದೆ. ಈರವ್ವನಿಗೆ ಒಂದು ಸಲ ಆಗಿದೆ, ಖೋಲಿ ಸಿಕ್ಕಿದೆ, ಒಬ್ಬರಿಗೆ ಎರಡು ಸಲ ನ್ಯಾಯವಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ. ಒಳ್ಳೆಯ ವಾದ ಅದು. ಆದರೆ ಆ ಖೋಲಿಯ ಚುಕ್ಕಿ ನನ್ನ ತಪ್ಪು ತಿದ್ದಲು ಇಟ್ಟದ್ದು, ಅವಳಿಗೆ ಕೊಟ್ಟದ್ದಲ್ಲ ಎಂಬುದು ಅಂದೂ ನನಗೆ ಗೊತ್ತಿತ್ತು. ನಿನ್ನ ಪತ್ರಕ್ಕೆ ಚುಕ್ಕಿ ಇಟ್ಟೆ.

ಈರವ್ವ ಪತ್ರ ತೆಗೆದುಕೊಂಡು ಹಾಸ್ಟೆಲಿನ ಸಾಹೇಬರ ಬಳಿ ಹೋದಳು. ಅವರು ಅರ್ಜಿ ಇಟ್ಟುಕೊಂಡು, ಪತ್ರ ನೋಡಿ, ಮರಳಿ ಕೊಟ್ಟರಂತೆ. ಜಾಗ ತುಂಬಿದೆ ಅಂದರಂತೆ. ಮಂಜುಳಾ ಭೋಸರಿಯಲ್ಲಿ ಒಂದು ಯೂನಿಟ್ಟಿನಲ್ಲಿ ನಟ್ಟು ಬೋಲ್ಟು ಪ್ಯಾಕ್ ಮಾಡುವ ಕೆಲಸಕ್ಕೆ ಸೇರಿದಳು. ಈಗಲೂ ಅಲ್ಲೇ ಇದ್ದಾಳೆ.

"ನೀವ ಖರೇ ಇಡ್ತೀರಿ," ಅಂದಿದ್ದರು ಆಬಾ. ಐದನೆಯ ಸಲ ಚುನಾವಣೆಗೆ ನಿಂತಾಗ ಅವರು ಸೋತರು. ಕಚೇರಿ ಮುಚ್ಚುವ ದಿನ ಬೆಂಚನ್ನು ಕೆಳಗಿನ ಹೋಟೆಲಿನವರು ಒಯ್ದರು. ನಾನು ಪೆನ್ನು ಮರಳಿ ಕೊಡಲು ಒಳಗೆ ಹೋದೆ. ಎಲ್ಲ ಹೇಳಿಬಿಡಬೇಕೆಂದು ಹೋಗಿದ್ದೆ.

"ಶಾಯಿ ಮುಗೀತೇನ್ರಿ?" ಅಂದರು.

"ಇನ್ನೂ ಅದರಿ."

"ಒಗದ ಬಿಡ್ರಿ, ವಹಿನಿ. ಸಾಕಾಗೇದ ನನಗ. ನಿಮಗೂ ಆಗಿರಬೇಕು."

ಹೌದು ಎಂದು ತಲೆ ಆಡಿಸಿ ಬಂದೆ. ಹೇಳಲಿಲ್ಲ. ಈಗ ಅವರಿಲ್ಲ.

ಮೊನ್ನೆ ಗುರುವಾರ ಈರವ್ವ ನಮ್ಮ ಮನೆಗೆ ಬಂದಳು. ನೀವೆಲ್ಲ ಹೊರಗಿದ್ದಿರಿ. ಎರಡು ಮಹಡಿ ಹತ್ತಿ ಬಂದು ಏದು ಬಿಡುತ್ತಿದ್ದಳು. ಚಹಾ ಕೊಟ್ಟೆ. ಬಶಿಗೆ ಸುರಿದು ಕುಡಿದಳು.

"ಅಕ್ಕಾರ, ಮೊಮ್ಮಗಳಿಗೆ ಆಮದಾರರ ಆಫೀಸನ್ಯಾಗ ನೌಕರಿ ಆತಂತ?"

"ಯಾರು ಹೇಳಿದ್ರವ್ವ?"

"ಕೆಳಗ ಕಿರಾಣಿ ಅಂಗಡ್ಯಾವ ಹೇಳಿದ. ಭಾಳ ಚಲೋ ಆತು ಬಿಡ್ರಿ. ನಮ್ಮ ಮಂಜುಳಾನ ಮಗಳದೊಂದು ಅರ್ಜಿ ಅದ. ಸಾಲಿಗೆ ಹಾಕಬೇಕು. ದೊಡ್ಡ ಇಂಗ್ಲಿಷ್ ಸಾಲಿ. ಸೋಮವಾರ ಹೋಗ್ತೀನಿ. ನಿಮ್ಮ ಗುರುತಿನವರು ಅಂತ ಏನಾರ ತೋರಸಬೇಕಲ್ಲ, ಇದನ್ನ ಒಯ್ತೀನಿ."

ಚೀಲದಿಂದ ಒಂದು ಕಾಗದ ತೆಗೆದಳು. ಹಾಸ್ಟೆಲಿನವರು ಮರಳಿ ಕೊಟ್ಟ ಪತ್ರ. ಪ್ಲಾಸ್ಟಿಕ್ ಹಾಕಿಸಿ ಇಟ್ಟುಕೊಂಡಿದ್ದಾಳೆ. ಓದಲು ಬರದ ಅವಳು ಅದನ್ನು ಬೆಳಕಿಗೆ ಹಿಡಿದು, ಬೆರಳಿಂದ ಸಾಲುಗಳ ಮೇಲೆ ಸವರಿದಳು.

"ಕೆಲಸ ಆಗಲಿಲ್ಲ, ಅದು ನಮ್ಮ ನಶೀಬ. ಆದರ ಎಷ್ಟ ಚಂದ ಬರದೀರಿ ನೋಡ್ರಿ. ಹರೀಲಿಕ್ಕ ಮನಸಾಗಲಿಲ್ಲ. ಇಷ್ಟು ವರ್ಷ ಆತು, ಒಂದ ಕಲೆ ಸೈತ ಇಲ್ಲ ಇದರ ಮ್ಯಾಲ."

ನಾನು ಬಾಗಿ ನೋಡಿದೆ. ಇರಲಿಲ್ಲ.

ಪ್ರಾಚಿ, ನಿಮ್ಮ ಕಚೇರಿಯಲ್ಲಿ ಹಸಿರು ಪೆನ್ನು ಇರಲಿಕ್ಕಿಲ್ಲ. ಫೋನಿನಲ್ಲೋ ಇನ್ನೆಲ್ಲೋ ಬೇರೆ ಏನೋ ಗುರುತು ಇರುತ್ತದೆ. ಯಾರೂ ನಿನಗೆ ಕರೆದು ಹೇಳುವುದಿಲ್ಲ. ಮೊದಲ ದಿನವೇ ಕೇಳಿ ತಿಳಿದುಕೋ. ನನ್ನ ಹಾಗೆ ಎಂಟು ತಿಂಗಳು ನಾಚಿಕೊಂಡು ಕೂಡಬೇಡ. ಸೋಮವಾರ ಈರವ್ವ ಬಂದು ಆ ಪತ್ರ ತೋರಿಸಿದಾಗ ಅಕ್ಷರ ನೋಡಿ ನಿನ್ನ ಅಜ್ಜಿಯ ಬಗ್ಗೆ ಹೆಮ್ಮೆ ಪಡಬೇಡ. ಸಹಿಯ ಕೆಳಗೆ ನೋಡು. ಅಲ್ಲಿ ಖಾಲಿ ಇರುವ ಸಾಸಿವೆಯಷ್ಟು ಜಾಗದಲ್ಲಿ ನೀನು ಶಾಲೆ ಕಲಿತಿದ್ದೀ.

ಆಮೇಲೆ ಅವಳ ಅರ್ಜಿ ತೆಗೆದುಕೋ. ಮಂಜುಳಾಳ ಮಗಳಿಗೂ ಈಗ ಆರು ವರ್ಷ.